ಜಾಲರಿ ಹಾಕಿದ ಮನೆ

ನಮ್ಮೂರಲ್ಲಿ ಸುಳ್ಳು ಹೇಳಬೇಕಾದವರು ಎದ್ದು ಅಂಗಳಕ್ಕೆ ಹೋಗುತ್ತಾರೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮನೆಗೆ ಬಂದ ನೆಂಟರು ಮಾತಿನ ಮಧ್ಯೆ "ಸ್ವಲ್ಪ ಹೊರಗೆ ಬರ್ತೀರಾ?" ಎಂದು ಕರೆದರೆ, ಹೊಸ ಸೊಸೆಯನ್ನೋ ಹೊಸ ಸೋಫಾವನ್ನೋ ಹೊಗಳುವುದಕ್ಕೇ ಇರಬೇಕೆಂದು ಮನೆಯವರು ಸಂತೋಷದಿಂದ ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಾರೆ. ಒಳಗೆ ಕೂತು ಹೇಳಿದರೆ ಮೀನು ಹಾರುತ್ತದೆ.

ಪ್ರತಿ ಮನೆಯ ನಡುಮನೆಯಲ್ಲೂ, ಊಟಕ್ಕೆ ಕೂರುವ ಜಾಗದ ಎದುರಿಗೆ, ಒಂದು ಗಾಜಿನ ತೊಟ್ಟಿ. ಅದರಲ್ಲೊಂದು ಕೆಂಪು ಮೀನು. ಪಕ್ಕದಲ್ಲಿ ಒಂದು ಬಟ್ಟಲು ನೀರು. ಮೀನು ಹಾರಿ ಕೆಳಗೆ ಬಿದ್ದರೆ ಹತ್ತಿರದಲ್ಲಿದ್ದವರು ಬಟ್ಟಲಲ್ಲಿ ಕೈ ಒದ್ದೆ ಮಾಡಿಕೊಂಡು ಅದನ್ನೆತ್ತಿ ಮತ್ತೆ ನೀರಿಗೆ ಬಿಡುತ್ತಾರೆ, ಮಾತು ಮುಂದುವರಿಯುತ್ತದೆ. ಸುಳ್ಳು ಹೇಳಿದವರ ಮುಖವನ್ನು ಯಾರೂ ನೋಡುವುದಿಲ್ಲ. ನೋಡಿದರೂ ನೋಡದವರ ಹಾಗೆ ಇರುತ್ತಾರೆ. ಅಷ್ಟು ಮರ್ಯಾದೆ ನಮ್ಮ ಜನಕ್ಕಿದೆ.

ಹೀಗಾಗಿ ನಮ್ಮೂರಿನವರ ಮಾತಿನ ಧಾಟಿಯೇ ಬೇರೆ. ಯಾರದೋ ಮಗಳು ಹಾಡಿದಳು ಎಂದಿಟ್ಟುಕೊಳ್ಳಿ. "ಕೊನೇವರೆಗೂ ಹಾಡಿದಳು ನೋಡಿ!" ಎನ್ನುತ್ತೇವೆ. ಗೃಹಪ್ರವೇಶಕ್ಕೆ ಹೋದರೆ "ಅಬ್ಬಾ, ಎಷ್ಟೊಂದು ಗೋಡೆ ಕಟ್ಟಿಸಿದ್ದೀರಿ!" ಎನ್ನುತ್ತೇವೆ. ಹೇಳಿದವರಿಗೂ ಕೇಳಿದವರಿಗೂ ತೃಪ್ತಿ, ಮೀನಿಗೂ ತೊಂದರೆಯಿಲ್ಲ. ನಾನು ಇದೇ ಊರಲ್ಲಿ ಹುಟ್ಟಿ, ಎರಡು ಬೀದಿ ಆಚೆಗೆ ಸೊಸೆಯಾಗಿ ಬಂದವಳು. ಈ ಥರದ ಮಾತು ನನಗೆ ನೀರು ಕುಡಿದಷ್ಟು ಸಲೀಸು. ಹಾಗಿದ್ದೂ ನಮ್ಮ ಮಾವ ಅಡುಗೆಗೆ ಇಳಿದ ಮೇಲೆ ನನ್ನ ಬಳಿಯಿದ್ದ ಮಾತೆಲ್ಲ ಖಾಲಿಯಾಗಿಬಿಟ್ಟಿತು.

ನಮ್ಮ ಮಾವ ಅಂದರೆ ಕ್ಲಾರಿನೆಟ್ ರಂಗಧಾಮಯ್ಯ. ಊರಿನ ಬ್ಯಾಂಡ್‌ಸೆಟ್ಟಿನ ಯಜಮಾನರು. ಅವರು ಮುಂದೆ ನಿಂತು ಊದದಿದ್ದರೆ ಮದುವೆ ಮೆರವಣಿಗೆ ಹೊರಟಂತೆಯೇ ಅಲ್ಲ ಎಂದು ಜನ ಅನ್ನುತ್ತಿದ್ದರು. ಮನೆಯಲ್ಲಿ ಮಾತ್ರ ನಮ್ಮ ಅತ್ತೆ ಕೆಂಪಾಜಮ್ಮನವರದೇ ಯಜಮಾನಿಕೆ. ಮಾವ ಅಡುಗೆಮನೆಯ ಹೊಸ್ತಿಲಿನ ಮೇಲೆ ಕಾಲಿಟ್ಟರೆ ಸಾಕು, ಅತ್ತೆ ತಿರುಗಿ ನೋಡದೆಯೇ ಸೌಟು ಎತ್ತಿ ಹೊರಗಿನ ದಾರಿ ತೋರಿಸುತ್ತಿದ್ದರು. ಹೋದ ವರ್ಷ ಸುಗ್ಗಿಯ ಹೊತ್ತಿಗೆ ಅತ್ತೆ ಜ್ವರ ಬಂದು ಮಲಗಿದವರು ಏಳಲಿಲ್ಲ. ಅಲ್ಲಿಂದಾಚೆಗೆ ಮಾವ ಕ್ಲಾರಿನೆಟ್ಟಿನ ಪೆಟ್ಟಿಗೆ ತೆರೆಯಲಿಲ್ಲ. ಅತ್ತೆಯ ಹೆಸರನ್ನೂ ಎತ್ತಲಿಲ್ಲ. ನಾವು ಎತ್ತಿದರೆ ಎದ್ದು ಹೋಗಿ ಗಿಡಗಳಿಗೆ ನೀರು ಹಾಕುತ್ತಿದ್ದರು. ನೀರು ಹೆಚ್ಚಾಗಿ ಕನಕಾಂಬರದ ಗಿಡಗಳೆಲ್ಲ ಕೊಳೆತುಹೋದವು.

ಹೀಗಿರುವಾಗ ಒಂದು ಬೆಳಿಗ್ಗೆ ನಾನು ಎದ್ದು ಬರುವ ಹೊತ್ತಿಗೆ ಅಡುಗೆಮನೆಯಿಂದ ಒಗ್ಗರಣೆಯ ಸದ್ದು, ಅದರ ಜೊತೆಗೆ ಹಾಡಿನ ಗುನುಗು. ಮಾವ ಹೆಗಲ ಮೇಲಿನ ಟವೆಲನ್ನು ಸೊಂಟಕ್ಕೆ ಸುತ್ತಿಕೊಂಡು ಉಪ್ಪಿಟ್ಟು ಕೆದಕುತ್ತಿದ್ದರು. "ಕೂತ್ಕೋ ಕುಮುದಾ, ಇವತ್ತು ನಿನಗೆ ರಜ" ಎಂದರು. ಎಷ್ಟೋ ತಿಂಗಳ ಮೇಲೆ ಅವರ ಮುಖದಲ್ಲಿ ಅಂಥ ಕಳೆ ನೋಡಿದ್ದೆ. ಖುಷಿಯಿಂದ ಹೋಗಿ ಕೂತೆ. ಒಂದು ತುತ್ತು ಬಾಯಿಗಿಟ್ಟೆ.

ಉಪ್ಪನ್ನು ಅವರು ತಾಳದ ಲೆಕ್ಕದಲ್ಲಿ ಹಾಕುತ್ತಾರೆ ಎನ್ನುವುದು ನನಗೆ ಆಮೇಲೆ ತಿಳಿಯಿತು. ಬಾಯಲ್ಲಿ ಒಂದು ಕೀರ್ತನೆ ಗುನುಗುತ್ತ, ಪಲ್ಲವಿ ಬಂದಾಗಲೆಲ್ಲ ಒಂದು ಚಿಟಿಕೆ. ಪಲ್ಲವಿ ಬಹಳ ಸಲ ಬರುತ್ತಿತ್ತು.

"ಹೇಗಿದೆ?" ಎಂದರು.

"ಬಿಸಿಬಿಸಿಯಾಗಿದೆ ಮಾವ" ಎಂದೆ. ಮೀನು ಸುಮ್ಮನಿತ್ತು.

ಅಂದಿನಿಂದ ದಿನವೂ ಅವರದೇ ಅಡುಗೆ. ಬೆಳಿಗ್ಗೆ ತಾವೇ ಮಾರ್ಕೆಟ್ಟಿಗೆ ಹೋಗಿ ಬದನೆಕಾಯಿಗಳನ್ನು ಒಂದೊಂದಾಗಿ ತಟ್ಟಿ ನೋಡಿ ತರುತ್ತಿದ್ದರು, ಮೃದಂಗದ ಶ್ರುತಿ ನೋಡಿದ ಹಾಗೆ. ನನ್ನ ಗಂಡ ಶಶಿಧರನೂ ನಾನೂ ಒಳ್ಳೆಯ ಮಾತುಗಳನ್ನು ಹುಡುಕಿ ಹುಡುಕಿ ಹೇಳಿದೆವು. "ಇಂಥ ಸಾರು ಬೇರೆ ಎಲ್ಲೂ ಸಿಗಲ್ಲ ಬಿಡಿ." "ಇವತ್ತು ಬಣ್ಣ ಬಂದಿದೆ." "ಹಪ್ಪಳ ಗರಿಗರಿಯಾಗಿದೆ." ಒಮ್ಮೆ ನಾನು ಧೈರ್ಯ ಮಾಡಿ "ಉಪ್ಪು ಒಂದು ಚೂರು ಮುಂದಿದೆ ಮಾವ" ಎಂದೆ. ಅವರು ಮಾರನೆಯ ದಿನ ಉಪ್ಪನ್ನು ಪೂರ್ತಿ ಬಿಟ್ಟು, ಆ ಜಾಗಕ್ಕೆ ಹುಣಸೆಹಣ್ಣು ಹಾಕಿದರು.

ಕೆಡುಕಾದದ್ದು ಮಜ್ಜಿಗೆಹುಳಿ ಮಾಡಿದ ದಿನ. ಮಾವ ಇಡೀ ಬೆಳಿಗ್ಗೆ ಅದರ ಹಿಂದೆ ಬಿದ್ದಿದ್ದರು. ಬಡಿಸಿ, ಕೈ ಒರೆಸಿಕೊಂಡು, ಮಗನ ಎದುರಿಗೇ ಕೂತರು. "ಬಿಸಿ ಇದೆ, ಬಣ್ಣ ಇದೆ, ಅವೆಲ್ಲ ಬೇಡ ಕಣೋ. ನೇರವಾಗಿ ಹೇಳು. ಚೆನ್ನಾಗಿದೆಯೋ ಇಲ್ಲವೋ?"

ಶಶಿಧರ ನನ್ನ ಮುಖ ನೋಡಿದ. ಅಪ್ಪನ ಮುಖ ನೋಡಿದ. "ಚೆನ್ನಾಗಿದೆ ಅಪ್ಪ" ಎಂದ.

ಮಾತು ಮುಗಿದಿರಲಿಲ್ಲ, ಮೀನು ತೊಟ್ಟಿಯಿಂದ ಎದ್ದಿತು. ಮೊಳದೆತ್ತರ ಹಾರಿ, ಕಾಲುಮಣೆಯ ಅಂಚಿಗೆ ಬಡಿದು, ಮಾವನ ತಟ್ಟೆಯ ಪಕ್ಕದಲ್ಲೇ ಬಂದು ಬಿದ್ದಿತು. ಅದನ್ನು ಎತ್ತಿ ಬಿಟ್ಟವರು ಮಾವನೇ. ಕಿವಿರಿನ ಹತ್ತಿರ ಒಂದೆರಡು ಹುರುಪೆ ಕಿತ್ತುಬಂದಿದ್ದವು. "ಪಾಪ, ಇದಕ್ಕೆ ಪೆಟ್ಟಾಗಿದೆ" ಎಂದರು. ಸೊಂಟದ ಟವೆಲನ್ನು ಬಿಚ್ಚಿ, ಕೊಡವಿ, ಮೊಳೆಗೆ ನೇತುಹಾಕಿ, ತಮ್ಮ ಕೋಣೆಗೆ ಹೋದರು.

ಮರುದಿನ ಅವರು ಅಡುಗೆಮನೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾನು ಮಾಡಿದ್ದನ್ನು ಎರಡು ತುತ್ತು ತಿಂದು ಏಳುತ್ತಿದ್ದರು. ಗುನುಗುವುದು ನಿಂತಿತು. ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಹಾಕಿಕೊಂಡು ಕೂರುತ್ತಿದ್ದರು. ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ಕೂಡ ಇರಲಿಲ್ಲ.

ಶಶಿಧರ ನನ್ನನ್ನು ಅಂಗಳಕ್ಕೆ ಕರೆದ. ನಾನು ಹೋದೆ. "ಏನೂ ಆಗಲ್ಲ, ಸರಿಹೋಗ್ತಾರೆ" ಎಂದ. ಅದಕ್ಕೇ ಅಂಗಳಕ್ಕೆ ಕರೆದಿದ್ದ. ನನಗೆ ಸಿಟ್ಟು ಬಂತು.

"ಸರಿಹೋಗಲ್ಲ ರೀ. ಆ ಸೌಟು ಹಿಡ್ಕೊಂಡು ಅವರು ಹೇಗೋ ಮೇಲೆ ಬಂದಿದ್ರು. ನಾವು ಮತ್ತೆ ಕೆಳಗೆ ತಳ್ಳಿದ್ವಿ" ಎಂದೆ.

"ನಾನೇನು ಮಾಡ್ಲಿ? ಮೀನು ಹಾರಿದ್ರೆ?"

"ಹಾರದ ಹಾಗೆ ಮಾಡೋಣ. ಜಾಲರಿ ಹಾಕೋಣ."

ಶಶಿಧರ ಬೀದಿಯ ಆ ಕಡೆ ಈ ಕಡೆ ನೋಡಿದ. ನಮ್ಮೂರಲ್ಲಿ 'ಜಾಲರಿ ಹಾಕಿದ ಮನೆ' ಎಂದರೆ ಬೈಗುಳ. ತೊಟ್ಟಿಗೆ ಜಾಲರಿ ಇರುವುದು ಮದುವೆ ದಲ್ಲಾಳಿಯ ಮನೆಯಲ್ಲಿ ಮಾತ್ರ, ಅಲ್ಲಿಗೂ ಜನ ಮುಖ ಮರೆಸಿಕೊಂಡು ಹೋಗುತ್ತಾರೆ. "ಎದುರುಮನೆ ಚಂದ್ರಕ್ಕ ನೋಡಿದ್ರೆ ಊರಿಗೆಲ್ಲ ಡಂಗುರ" ಎಂದ. "ಹೊಡೀಲಿ" ಎಂದೆ.

ಮಾವ ಮಧ್ಯಾಹ್ನ ವಾಚನಾಲಯಕ್ಕೆ ಹೋಗುವ ಹೊತ್ತನ್ನು ನೋಡಿಕೊಂಡು ನಮ್ಮ ಕೆಲಸ ಶುರುವಾಯಿತು. ಮೊದಲು ಹಳೆಯ ಸೊಳ್ಳೆಪರದೆಯನ್ನು ಕತ್ತರಿಸಿ, ಸುತ್ತ ಎಲಾಸ್ಟಿಕ್ ಹೊಲಿದು, ತೊಟ್ಟಿಯ ಬಾಯಿಗೆ ಟೋಪಿ ಹಾಕಿದಂತೆ ಹಾಕಿದೆ. ಕೆಲಸ ಮಾಡುತ್ತದೋ ಇಲ್ಲವೋ ನೋಡಬೇಕಲ್ಲ. ಅದಕ್ಕೆ ಯಾರಾದರೂ ಸುಳ್ಳು ಹೇಳಬೇಕು.

"ನೀವು ಹೇಳಿ" ಎಂದೆ.

ಶಶಿಧರ ಗಂಟಲು ಸರಿಮಾಡಿಕೊಂಡ. "ನಿಮ್ಮಮ್ಮ ಬಂದು ಒಂದು ತಿಂಗಳು ಇದ್ರೆ ನನಗೆ ತುಂಬಾ ಸಂತೋಷ" ಎಂದ. ಮೀನು ಜಿಗಿಯಿತು. ಪರದೆ ಜೋತುಬಿತ್ತು. ಮೀನು ಅದರಲ್ಲಿ ತೊಟ್ಟಿಲ ಕೂಸಿನ ಹಾಗೆ ಮಲಗಿ ನಮ್ಮನ್ನೇ ನೋಡಿತು. ಅದನ್ನು ಬಿಡಿಸಿ ನೀರಿಗೆ ಬಿಟ್ಟೆ. ಅಮ್ಮನ ವಿಷಯವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಂಡೆ.

ಗಟ್ಟಿಯಾದ ಚೌಕಟ್ಟು ಬೇಕು, ಬಿಗಿಯಾದ ಜಾಲರಿ ಬೇಕು ಎಂದು ಗೊತ್ತಾಯಿತು. ಧನಪಾಲಣ್ಣನ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅವರ ಗಲ್ಲಾದ ಪಕ್ಕದಲ್ಲೂ ತೊಟ್ಟಿ, ಅದರಲ್ಲೊಂದು ದಪ್ಪ ಮೀನು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಹೋಗಿದ್ದೆ.

"ಕಿಟಕಿಗೆ ಹಾಕೋ ಪ್ಲಾಸ್ಟಿಕ್ ಜಾಲರಿ ಕೊಡಿ ಅಣ್ಣ. ಅಲ್ಯುಮಿನಿಯಂ ಪಟ್ಟಿ, ಜಾಲರಿ ಬಿಗಿ ಮಾಡೋ ರಬ್ಬರ್ ದಾರಾನೂ ಕೊಡಿ" ಎಂದೆ. ಜನ ಅದನ್ನು ಕಿಟಕಿಗೇ ಹಾಕುವುದು, ಅದರಲ್ಲಿ ಸುಳ್ಳೇನಿದೆ? ಮೀನು ಅಲುಗಲಿಲ್ಲ.

"ಯಾವ ಕಿಟಕಿಗಮ್ಮ?"

"ನಮ್ಮನೆ ಕಿಟಕೀಲಿ ಸೊಳ್ಳೆ ಬಹಳ ಬರುತ್ತೆ ಅಣ್ಣ." ಇದೂ ನಿಜ.

"ಅಳತೆ?"

"ಮೂರಡಿ ಉದ್ದ, ಒಂದೂವರೆ ಅಡಿ ಅಗಲ."

ಧನಪಾಲಣ್ಣ ತಮ್ಮ ಗಲ್ಲಾದ ಪಕ್ಕದ ತೊಟ್ಟಿಯನ್ನು ನೋಡಿದರು. ಊರಿನ ತೊಟ್ಟಿಗಳೆಲ್ಲ ಒಂದೇ ಅಳತೆ. ನನ್ನ ಕಿವಿ ಬಿಸಿಯಾಯಿತು. ಅವರು ಜಾಲರಿ ಕತ್ತರಿಸಿದರು, ಪಟ್ಟಿಗಳನ್ನು ಕಟ್ಟಿದರು, ಪೊಟ್ಟಣ ಹಿಡಿದು ನನ್ನ ಜೊತೆ ಅಂಗಡಿಯ ಮೆಟ್ಟಿಲಿಳಿದು ಬೀದಿಯವರೆಗೂ ಬಂದರು. ಅಲ್ಲಿ ನಿಂತು, ಪೊಟ್ಟಣ ಕೈಗೆ ಕೊಟ್ಟು, "ಯಾವುದಕ್ಕೆ ಅಂತ ನನಗೆ ಗೊತ್ತಾಗಲಿಲ್ಲ ಕಣಮ್ಮ" ಎಂದರು. ಇಷ್ಟು ಸೊಗಸಾದ ಸುಳ್ಳನ್ನು ನಾನು ಬೀದಿಯಲ್ಲೂ ಕೇಳಿರಲಿಲ್ಲ.

ಚೌಕಟ್ಟು ಮಾಡುವುದು ಶಶಿಧರನ ಪಾಲಿಗೆ ಬಂತು. ಅವನು ತೊಟ್ಟಿಯ ಹೊರಗಿನ ಅಳತೆ ಹಿಡಿದು ಪಟ್ಟಿ ಕತ್ತರಿಸಿದ. ಚೌಕಟ್ಟು ಗಾಜಿನ ಮೇಲೆ ಕೂರದೆ ಎರಡೂ ಕಡೆ ಜಾರಿತು. ಬಿಚ್ಚಿ, ಒಳಗಿನ ಅಂಚಿಗೆ ಸರಿಯಾಗಿ ಮತ್ತೆ ಕತ್ತರಿಸಿದ. ಜಾಲರಿಯನ್ನು ಹಾಸಿ, ರಬ್ಬರ್ ದಾರವನ್ನು ಪಟ್ಟಿಯ ಸೀಳಿನೊಳಗೆ ಒತ್ತುತ್ತ ಹೋದರೆ ಅದು ತಬಲಾದ ಚರ್ಮದ ಹಾಗೆ ಬಿಗಿಯಾಗುತ್ತದೆ. ಒತ್ತುವುದಕ್ಕೆ ನನ್ನ ಚಪಾತಿ ಲಟ್ಟಣಿಗೆಯ ಹಿಡಿಕೆ ಸರಿಹೋಯಿತು. ಆಮೇಲೆ ನೋಡಿದರೆ ತೊಟ್ಟಿಯ ನೀರಿಗೆ ಗಾಳಿ ಬಿಡುವ ಪೈಪಿಗೆ ದಾರಿಯೇ ಇಲ್ಲ. ಒಂದು ಮೂಲೆ ಕತ್ತರಿಸಿ ಪೈಪು ತೂರಿಸಿದೆವು. ಆಹಾರ ಹಾಕುವುದಕ್ಕೆ ಬೊಗಸೆಯಗಲದ ಒಂದು ಮುಚ್ಚಳವನ್ನೂ ಮಾಡಿದೆವು. ನೀರನ್ನು ನಾಲ್ಕು ಬೆರಳು ಕೆಳಗಿಳಿಸಿದೆ, ಮೀನು ಎದ್ದರೂ ತಲೆಗೆ ಪೆಟ್ಟು ಜೋರಾಗಿ ಬೀಳದಿರಲಿ ಎಂದು.

ಮತ್ತೆ ಪರೀಕ್ಷೆ. "ನಾನು ಆಫೀಸಲ್ಲಿ ಒಂದು ದಿನಾನೂ ನಿದ್ದೆ ಮಾಡಿಲ್ಲ" ಎಂದ ಶಶಿಧರ. ಮೀನು ಎದ್ದಿತು, ಪೈಪಿನ ಪಕ್ಕದ ಸಂದಿಯನ್ನೇ ಹುಡುಕಿಕೊಂಡು ತಲೆ ತೂರಿಸಿತು. ಆ ಸಂದಿಗೆ ಸ್ಪಂಜು ತುಂಬಿದೆವು.

"ಈಗ ನಾನು" ಎಂದೆ. ಏನು ಹೇಳುವುದೆಂದು ಯೋಚಿಸಿದೆ. ದೊಡ್ಡ ಸುಳ್ಳೇ ಬೇಕು, ಜಾಲರಿಯ ಗಟ್ಟಿತನ ತಿಳಿಯಬೇಕಾದರೆ. "ನಿಮ್ಮನ್ನ ಮದುವೆ ಆಗಿದ್ದು ನಾನು ಮಾಡಿದ ತಪ್ಪು" ಎಂದೆ.

ಮೀನು ಯಾವತ್ತೂ ಎದ್ದಿಲ್ಲದ ರಭಸದಲ್ಲಿ ಎದ್ದಿತು. 'ಟಪ್' ಎಂದು ಜಾಲರಿಗೆ ಬಡಿದು, ನೀರು ಗೋಡೆಗೆಲ್ಲ ಚಿಮ್ಮಿತು. ಜಾಲರಿ ಒಂದಿಷ್ಟೂ ಜಗ್ಗಲಿಲ್ಲ. ಶಶಿಧರ ಕಿವಿಯವರೆಗೂ ಕೆಂಪಾಗಿ, ಯಾವ ಕಾರಣವೂ ಇಲ್ಲದೆ ಸುತ್ತಿಗೆಯನ್ನು ಒರೆಸತೊಡಗಿದ.

ಆ ಸಂಜೆ ಮಾವ ವಾಚನಾಲಯದಿಂದ ಬಂದರು. ತೊಟ್ಟಿಯ ಮುಂದೆ ನಿಂತರು. ಬಗ್ಗಿ ಮೂಲೆಗಳನ್ನು ನೋಡಿದರು, ಉಗುರಿನಿಂದ ಜಾಲರಿಯನ್ನು ಮೀಟಿದರು.

"ಯಾರು ಮಾಡಿದ್ದು?"

"ನಾವೇ" ಎಂದೆ.

"ಯಾಕೆ?"

ಮನೆಯೊಳಗೆ ನಿಂತು ನೆವ ಹೇಳುವ ಅಭ್ಯಾಸ ನಮಗಿರಲಿಲ್ಲ. ಶಶಿಧರ ತಡವರಿಸಿ, "ಅದು... ಬೆಕ್ಕು ಬರುತ್ತೆ ಅಪ್ಪ" ಎಂದ.

ಟಪ್.

ಮಾವ ಮೀನನ್ನು ನೋಡಿದರು. ಮಗನನ್ನು ನೋಡಿದರು. ನನ್ನ ಬೆರಳಿಗೆ ಸುತ್ತಿದ್ದ ಬಟ್ಟೆಯನ್ನು ನೋಡಿದರು. ಪಟ್ಟಿಯ ಅಂಚು ತಗುಲಿ ಬೆರಳು ಕೊಯ್ದುಕೊಂಡಿತ್ತು. ಅವರ ಗಂಟಲಲ್ಲಿ ಏನೋ ಗುಳುಗುಳು ಎಂದಿತು, ನಗುವೇ ಇರಬೇಕು. ನಡೆದುಹೋಗಿ ಮೊಳೆಯಿಂದ ಟವೆಲ್ ತೆಗೆದು ಸೊಂಟಕ್ಕೆ ಸುತ್ತಿಕೊಂಡರು. "ಮನೇಲಿ ಬೂದುಗುಂಬಳ ಇದೆಯೇನಮ್ಮ?" ಎಂದರು.

ಇತ್ತು. ಮತ್ತೆ ಮಜ್ಜಿಗೆಹುಳಿಯೇ ಆಯಿತು. ಒಳಗಿನಿಂದ ಕೀರ್ತನೆ ಕೇಳಿಸುತ್ತಿತ್ತು, ಪಲ್ಲವಿ ಬಂದಾಗಲೆಲ್ಲ ಶಶಿಧರ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಬಡಿಸಿದರು. ನಾವು ಕಲಸಿ ಬಾಯಿಗಿಟ್ಟೆವು.

"ಚೆನ್ನಾಗಿದೆ ಅಪ್ಪ." ಟಪ್.

"ಬಹಳ ಹದವಾಗಿದೆ ಮಾವ." ಟಪ್.

"ಹೋದ ಸಲಕ್ಕಿಂತ ಎಷ್ಟೋ ವಾಸಿ." ಟಪ್.

ಮಾವ ತೊಡೆಯ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದರು. "ಒಳ್ಳೇ ಲಯ ಇದೆ ಕಣೋ ಇದಕ್ಕೆ. ನಮ್ಮ ಡ್ರಮ್ ಬಾರಿಸೋನಿಗಿಂತ ಮೇಲು. ಹೇಳಿ, ಹೇಳಿ, ಇನ್ನೂ ಹೇಳಿ" ಎಂದರು. ನಮಗೂ ಹುರುಪು ಬಂತು. ನನ್ನ ಜೀವಮಾನದಲ್ಲಿ ಮನೆಯೊಳಗೆ ಕೂತು ಅಷ್ಟು ಧಾರಾಳವಾಗಿ ನಾನು ಯಾರನ್ನೂ ಹೊಗಳಿರಲಿಲ್ಲ.

ಆಗಲೇ ಬಾಗಿಲಲ್ಲಿ ಚಂದ್ರಕ್ಕ ನಿಂತಿದ್ದರು. ಸದ್ದು ಕೇಳಿ ಬೀದಿ ದಾಟಿ ಬಂದಿದ್ದರು. ತೊಟ್ಟಿಯ ಕಡೆ ಬೆರಳು ತೋರಿಸಿ, "ಏನೇ ಕುಮುದಾ ಇದು? ಮಾನವಂತರ ಮನೇಲಿ ಜಾಲರಿ?" ಎಂದರು.

ಮಾವನೇ ಮಾತಾಡಿದರು. "ನನ್ನ ಅಡುಗೆ ಹೊಗಳೋಕೆ ಮಕ್ಕಳು ಮಾಡ್ಕೊಂಡಿದಾರೆ ಚಂದ್ರಮ್ಮ. ಬಾ, ಕೂತ್ಕೋ. ನಿನಗೂ ತಟ್ಟೆ ಹಾಕ್ತೀನಿ."

ಬಡಿಸಿಬಿಟ್ಟ ಮೇಲೆ ಏಳುವ ಹಾಗಿಲ್ಲ. ಚಂದ್ರಕ್ಕ ಕೂತರು. ಒಂದು ತುತ್ತು ತಿಂದು ಸ್ವಲ್ಪ ಹೊತ್ತು ನುಂಗದೆ ಇದ್ದರು. "ರುಚಿಯಾಗಿದೆ ಅಣ್ಣ" ಎಂದರು. ಟಪ್. ಅವರು ಬೆಚ್ಚಿ ನಮ್ಮ ಮುಖಗಳನ್ನು ನೋಡಿದರು. ಯಾರೂ ಏನೂ ಅಂದುಕೊಂಡಿರಲಿಲ್ಲ. ಕೆಳಗೆ ಬಿದ್ದ ಮೀನನ್ನು ಎತ್ತುವ ಗಡಿಬಿಡಿಯೂ ಇರಲಿಲ್ಲ. ಅವರಿಗೆ ಅದು ಹಿಡಿಸಿತು ಎಂದು ಕಾಣುತ್ತದೆ. "ನಿಮ್ಮನೆ ಪರದೆ ಬಣ್ಣಾನೂ ತುಂಬಾ ಚೆನ್ನಾಗಿದೆ ಕುಮುದಾ" ಎಂದರು. ಟಪ್. ಆ ಪರದೆಗಳನ್ನು ನಾನೇ ಆರಿಸಿ ತಂದದ್ದು. ನಮ್ಮ ಮನೆಗೆ ಬಂದಾಗಲೆಲ್ಲ ಅವರು ನನ್ನನ್ನು ಅಂಗಳಕ್ಕೆ ಕರೆದು ಅವುಗಳನ್ನು ಹೊಗಳುತ್ತಿದ್ದರು.

ಎಲ್ಲರೂ ನಗುತ್ತಿದ್ದ ಹೊತ್ತಿನಲ್ಲೇ ಚಂದ್ರಕ್ಕ ತಟ್ಟೆಯಿಂದ ತಲೆಯೆತ್ತಿ ಕೇಳಿದರು. "ಮತ್ತೆ, ನೀವು ಹೇಗಿದ್ದೀರಿ ಅಣ್ಣ?"

ನಗು ನಿಂತಿತು. ದುಃಖದಲ್ಲಿರುವವರನ್ನು ಮನೆಯೊಳಗೆ ಈ ಪ್ರಶ್ನೆ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಉತ್ತರ ಹೇಳುವವರಿಗೆ ಕಷ್ಟ. ಅತ್ತೆ ಹೋದಾಗಿನಿಂದ ಯಾರೂ ಮಾವನನ್ನು ಕೇಳಿರಲಿಲ್ಲ, ನಾವೂ ಕೂಡ. ಚಂದ್ರಕ್ಕ ಜಾಲರಿ ಇದೆಯೆಂಬ ಸಲಿಗೆಯಿಂದ ಕೇಳಿಬಿಟ್ಟಿದ್ದರು. ಕೇಳಿದ ಮೇಲೆ ಅವರಿಗೂ ಗಾಬರಿಯಾಯಿತು.

ಮಾವ ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿದರು. "ನಾನಾ? ನಾನು ಚೆನ್ನಾಗಿದ್ದೀನಮ್ಮ" ಎಂದರು.

ಈ ಸಲದ ಸದ್ದು ಬೇರೆಯಾಗಿತ್ತು. ಚೌಕಟ್ಟು ಗಾಜಿನ ಮೇಲೆ ಒಮ್ಮೆ ಎದ್ದು ಕೂತಿತು. ಚಿಮ್ಮಿದ ನೀರು ನನ್ನ ತೋಳಿನವರೆಗೂ ಬಂತು. ಜಾಲರಿ ತಡೆಯಿತು. ಮೀನು ನೀರಿಗೆ ಬಿದ್ದು ಒಂದು ಸುತ್ತು ಹಾಕಿತು.

ಯಾರೂ ತೊಟ್ಟಿಯ ಕಡೆ ನೋಡಲಿಲ್ಲ. ಚಂದ್ರಕ್ಕ ಕಣ್ಣನ್ನು ಸೆರಗಿಗೆ ಒತ್ತಿಕೊಂಡು, ತಟ್ಟೆಯನ್ನು ಸ್ವಲ್ಪ ಮುಂದೆ ತಳ್ಳಿ, "ಇನ್ನೊಂದು ಸೌಟು ಹಾಕಿ ಅಣ್ಣ" ಎಂದರು. ಆ ಹುಳಿಯನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡವರು ಅವರೊಬ್ಬರೇ. ಮಾವ ಹಾಕಿದರು. ಅರ್ಧ ನೆಲಕ್ಕೆ ಚೆಲ್ಲಿತು. ಚೆಲ್ಲಿದ್ದನ್ನು ಅವರು ಸೊಂಟದ ಟವೆಲಿನಿಂದ ಒರೆಸತೊಡಗಿದರು. ಶಶಿಧರ ಎದ್ದು ಅಪ್ಪನ ಪಕ್ಕಕ್ಕೆ ಹೋಗಿ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತ.

"ಕೆಂಪಾಜಿ ಇದ್ದಿದ್ರೆ" ಎಂದರು ಮಾವ. ಆ ಹೆಸರು ಅವರ ಬಾಯಿಂದ ಬಂದು ಒಂದು ವರ್ಷವಾಗಿತ್ತು. "ಅವಳಿದ್ದಿದ್ರೆ ಈ ಹುಳೀನ ಒಂದ್ಸಲ ಮೂಸಿ ನೋಡಿ, ಪಾತ್ರೆ ಸಮೇತ ಹಿತ್ತಲಿಗೆ ಎಸೀತಿದ್ಲು."

ನಾವು ನಾಲ್ವರೂ ಒಟ್ಟಿಗೆ ತೊಟ್ಟಿಯ ಕಡೆ ತಿರುಗಿದೆವು. ಮೀನು ತಳದ ಕಲ್ಲುಗಳ ಹತ್ತಿರ ನಿಧಾನವಾಗಿ ಈಜಿಕೊಂಡಿತ್ತು. ಮೊದಲು ನಕ್ಕವರು ಮಾವನೇ.